ತಂತಿ ಕಿತ್ತು ಓಡಿಸುವ ಜನರೇಟರ್

"ಸರ್, ಇಂಜಿನ್‌ಗೆ ಏನೂ ಆಗಿಲ್ಲ. ಸೆನ್ಸರ್ ಪ್ರಾಬ್ಲಮ್ಮು. ಬೈಪಾಸ್ ಮಾಡಿದೀನಿ, ಈಗ ಆರಾಮಾಗಿ ಓಡ್ತಿದೆ."

ದೊಡ್ಡ ಡೀಸೆಲ್ ಜನರೇಟರ್ ಇಟ್ಟುಕೊಂಡಿರುವ ಅಪಾರ್ಟ್‌ಮೆಂಟು, ಕಲ್ಯಾಣ ಮಂಟಪ, ಅಕ್ಕಿ ಗಿರಣಿ, ಜಲ್ಲಿ ಕ್ರಷರ್, ನರ್ಸಿಂಗ್ ಹೋಮ್, ಎಲ್ಲಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವನಿಗೆ ಇದರಲ್ಲಿ ತಪ್ಪೇನೂ ಕಾಣಿಸುವುದಿಲ್ಲ. ಕೇಳುವವರಿಗೆ ಹೋದ ಜೀವ ಬಂದಂತಾಗುತ್ತದೆ. ನಿಂತ ಲಿಫ್ಟು ಮೇಲೇರುತ್ತದೆ, ಸಂಪಿನ ಮೋಟರು ಶುರುವಾಗುತ್ತದೆ, ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಟೆಕ್ನಿಶಿಯನ್‌ಗೆ ಧನ್ಯವಾದಗಳ ಸುರಿಮಳೆಯಾಗುತ್ತದೆ. ಪ್ಯಾನೆಲ್ಲಿನ ಹಿಂದೆ, ಕಿತ್ತು ಟೇಪು ಸುತ್ತಿದ ಒಂದು ತಂತಿ ಮಾತ್ರ ಹಾಗೇ ಉಳಿಯುತ್ತದೆ. ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನು ಕಿತ್ತವನು ಕೆಲಸ ಬಿಟ್ಟು ಹೋದ ಮೇಲೆ, ಅದು ಕಿತ್ತಿದೆ ಎಂಬ ಸಂಗತಿ ಕೂಡ ಯಾರಿಗೂ ಗೊತ್ತಿರುವುದಿಲ್ಲ.

ಇಂಜಿನ್ನಿನ ಮೇಲಿರುವ ರಕ್ಷಣಾ ಅಲಾರ್ಮುಗಳು, ತಾನಾಗಿ ನಿಲ್ಲಿಸುವ ಸ್ವಿಚ್ಚುಗಳು ಇವೆಲ್ಲ ಕಂಪನಿಯವರು ತಮ್ಮ ವ್ಯಾಪಾರಕ್ಕಾಗಿ ಅಂಟಿಸಿದ ಕಿರಿಕಿರಿ ಎಂಬುದು ಇವತ್ತಿನ ಚಾಲ್ತಿಯ ಅಭಿಪ್ರಾಯ. ಹಳೇ ಇಂಜಿನ್ನುಗಳು ಇವ್ಯಾವೂ ಇಲ್ಲದೆ ಮೂವತ್ತು ವರ್ಷ ಓಡಿದವು, ಕೈಯಲ್ಲಿ ಕಸುಬಿರುವ ಮೆಕ್ಯಾನಿಕ್‌ಗೆ ಇವುಗಳ ಹಂಗಿಲ್ಲ ಎನ್ನುತ್ತಾರೆ. ಹೀಗೆ ಹೇಳುವವರು ಓದಿಲ್ಲದವರಲ್ಲ. ಡಿಪ್ಲೊಮಾ ಮಾಡಿದ ಸೂಪರ್‌ವೈಸರ್, ನಿವಾಸಿಗಳ ಸಂಘದ ಖಜಾಂಚಿ, ಗಿರಣಿ ಮಾಲೀಕ, ಆಸ್ಪತ್ರೆಯ ಆಡಳಿತಾಧಿಕಾರಿ, ಎಲ್ಲರೂ ಇದನ್ನು ಒಪ್ಪಿದ್ದಾರೆ. ನನಗೆ ಇದು ಅಪಾಯಕಾರಿ ಸುಳ್ಳು ಎನಿಸುತ್ತದೆ. ಸುಮ್ಮನೆ ಬಿಟ್ಟರೆ ಮೊದಲು ಇಂಜಿನ್ನನ್ನೂ ಆಮೇಲೆ ಮನುಷ್ಯರನ್ನೂ ತಿನ್ನುವಂಥ ಸುಳ್ಳು.

ಮೊದಲು ಆ ಸ್ವಿಚ್ಚು ಏನನ್ನು ಕಾಯುತ್ತಿದೆ ಎಂಬುದನ್ನು ನೋಡೋಣ. ನಮ್ಮ ಜನರೇಟರ್ ಇಂಜಿನ್ನುಗಳು ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತು ತಿರುಗುತ್ತವೆ. ಅಂದರೆ ಸೆಕೆಂಡಿಗೆ 25 ಸುತ್ತು. ಅಷ್ಟು ವೇಗದಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟು ಬೇರಿಂಗಿನ ಲೋಹವನ್ನು ಮುಟ್ಟುವುದೇ ಇಲ್ಲ. ನಡುವೆ ಕೆಲವೇ ಮೈಕ್ರಾನ್ ದಪ್ಪದ ಆಯಿಲ್ ಪೊರೆ ಇರುತ್ತದೆ, ಇಡೀ ಭಾರವನ್ನು ಹೊರುವುದು ಆ ಪೊರೆ. ಆಯಿಲ್ ಒತ್ತಡ ಬಿದ್ದರೆ ಪೊರೆ ಹರಿಯುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ, ಬೇರಿಂಗಿನ ಮೇಲಿನ ಮೆದು ಪದರ ಕರಗುತ್ತದೆ, ಶೆಲ್ಲು ತನ್ನ ಜಾಗದಲ್ಲೇ ತಿರುಗಿಬಿಡುತ್ತದೆ, ಕ್ರ್ಯಾಂಕ್ ಸೀಜ್ ಆಗುತ್ತದೆ. ಆಪರೇಟರ್ ಕೂತಲ್ಲಿಂದ ಎದ್ದು ಪ್ಯಾನೆಲ್ಲಿನ ಹತ್ತಿರ ಬರಲು ಹತ್ತು ಸೆಕೆಂಡು ಬೇಕೆಂದುಕೊಂಡರೂ ಅಷ್ಟರಲ್ಲಿ ಕ್ರ್ಯಾಂಕ್ 250 ಸುತ್ತು ಮುಗಿಸಿರುತ್ತದೆ. ಯಾವ ಕಸುಬುದಾರನ ಕೈಯೂ ಅದಕ್ಕಿಂತ ಮುಂಚೆ ಅಲ್ಲಿಗೆ ತಲುಪುವುದಿಲ್ಲ. ಓಡುವಾಗ ಮೂರು ನಾಲ್ಕು ಬಾರ್ ಇರಬೇಕಾದ ಒತ್ತಡ ಒಂದು, ಒಂದೂವರೆ ಬಾರ್ ಆಸುಪಾಸಿಗೆ ಇಳಿದಾಗ ಡೀಸೆಲ್ ಕಡಿದು ಇಂಜಿನ್ ನಿಲ್ಲಿಸುವ ಸ್ವಿಚ್ಚು ಇರುವುದು ಈ ಕಾರಣಕ್ಕೆ. ಆಪರೇಟರುಗಳ ಬಾಯಲ್ಲಿ ಇದು 'ಎಲ್‌ಎಲ್‌ಓಪಿ ಟ್ರಿಪ್', ಅಂದರೆ ಲೋ ಲೂಬ್ ಆಯಿಲ್ ಪ್ರೆಶರ್ ಟ್ರಿಪ್.

ಈಗ 'ಸೆನ್ಸರ್ ಪ್ರಾಬ್ಲಮ್ಮು' ಎಂಬ ತೀರ್ಪು ಹುಟ್ಟುವ ಬಗೆ ನೋಡಿ. ಫುಲ್ ಲೋಡಿನಲ್ಲಿ ಮುಕ್ಕಾಲು ಗಂಟೆ ಓಡಿದ ಇಂಜಿನ್ ಟ್ರಿಪ್ ಆಗುತ್ತದೆ. ಟೆಕ್ನಿಶಿಯನ್ ಬರುವಷ್ಟರಲ್ಲಿ ಒಂದೆರಡು ಗಂಟೆ ಕಳೆದಿರುತ್ತದೆ. ಇಂಜಿನ್ ತಣ್ಣಗಾಗಿದೆ, ಆಯಿಲ್ ಮತ್ತೆ ಗಟ್ಟಿಯಾಗಿದೆ. ಸ್ಟಾರ್ಟ್ ಮಾಡಿದರೆ ಮೀಟರಿನ ಮುಳ್ಳು ನಾಲ್ಕು ಬಾರ್ ತೋರಿಸುತ್ತದೆ. ಲೋಡ್ ಇಲ್ಲದೆ ಐದು ನಿಮಿಷ ಓಡಿಸಿ, "ಪ್ರೆಶರ್ ಚೆನ್ನಾಗಿದೆ, ಸೆನ್ಸರ್ ಸುಳ್ಳು ಹೇಳ್ತಿದೆ" ಎನ್ನುತ್ತಾನೆ. ಕಾಯಿಲೆ ಇರುವುದು ಬಿಸಿಯಾದ ಇಂಜಿನ್ನಿನಲ್ಲಿ, ಪರೀಕ್ಷೆ ನಡೆದದ್ದು ತಣ್ಣಗಿನ ಇಂಜಿನ್ನಿನ ಮೇಲೆ. ಬೇರಿಂಗು ಸವೆದಿರಬಹುದು, ಆಯಿಲ್ ಪಂಪು ದಣಿದಿರಬಹುದು, ಆಯಿಲ್ ಕೂಲರ್ ಕಟ್ಟಿರಬಹುದು. ಬಿಸಿ ಏರಿ ಆಯಿಲ್ ನೀರಾದಾಗ ಮಾತ್ರ ಇವೆಲ್ಲ ಬಯಲಿಗೆ ಬರುತ್ತವೆ. ಸ್ವಿಚ್ಚು ಹೇಳಿದ್ದು ನಿಜವಾಗಿತ್ತು, ಅದನ್ನು ಸುಳ್ಳುಗಾರ ಮಾಡಿದ್ದು ಪರೀಕ್ಷೆಯ ವಿಧಾನ.

ಇದಕ್ಕಿಂತ ಮೋಸದ ಇನ್ನೊಂದು ಸಂದರ್ಭವಿದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕಡಿಮೆಯಾಗಿಲ್ಲ, ಗೆರೆಗಿಂತ ಮೇಲೇ ಇದೆ. ಆದರೂ ಇಂಜಿನ್ 'ಆಯಿಲ್ ಪ್ರೆಶರ್ ಇಲ್ಲ' ಎಂದು ನಿಲ್ಲುತ್ತಿದೆ. ಆಯಿಲ್ ಇಷ್ಟೊಂದು ಇರುವಾಗ ಪ್ರೆಶರ್ ಹೇಗೆ ಬೀಳುತ್ತದೆ, ಸೆನ್ಸರೇ ಹೋಗಿದೆ ಎಂದು ಎಲ್ಲರೂ ಸೇರಿ ಒಪ್ಪಿಕೊಳ್ಳುತ್ತಾರೆ. ಸೋರುವ ಇಂಜೆಕ್ಟರಿನಿಂದಲೋ ಪಂಪಿನ ಹಾಳಾದ ಸೀಲಿನಿಂದಲೋ ಡೀಸೆಲ್ ಇಳಿದು ಚೇಂಬರಿನ ಆಯಿಲ್‌ಗೆ ಬೆರೆಯುತ್ತಿದ್ದರೆ ಆಗುವುದೇ ಇದು. ಮಟ್ಟ ಏರುತ್ತದೆ, ಆಯಿಲ್ ತೆಳುವಾಗುತ್ತದೆ, ಒತ್ತಡ ಬೀಳುತ್ತದೆ. ಡಿಪ್‌ಸ್ಟಿಕ್ಕಿನ ತುದಿಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿದರೆ ಡೀಸೆಲ್ ವಾಸನೆ ಹೊಡೆಯುತ್ತದೆ. ಅಷ್ಟು ಮಾಡದೆ ತಂತಿ ಕಿತ್ತವನು ರೋಗದ ಬಗ್ಗೆ ಬಾಯಿ ಬಿಟ್ಟ ಒಂದೇ ಸಾಕ್ಷಿಯ ಬಾಯಿ ಮುಚ್ಚಿಸಿದ್ದಾನೆ.

ಸ್ವಿಚ್ಚು ನಿಜಕ್ಕೂ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ದಾರಿ ಇದೆ. ಅದೇ ಜಾಗಕ್ಕೆ ಮೆಕ್ಯಾನಿಕಲ್ ಪ್ರೆಶರ್ ಗೇಜು ಕೂರಿಸಿ, ಲೋಡ್ ಹಾಕಿ, ಇಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ ನೋಡುವುದು. ಅಷ್ಟು ಹೊತ್ತು ಒಬ್ಬ ಮನುಷ್ಯ ಗೇಜಿನ ಮುಂದೆ ಕೈಯಲ್ಲಿ ಸ್ಟಾಪ್ ಬಟನ್ ಇಟ್ಟುಕೊಂಡು ನಿಲ್ಲಬೇಕು. ಈ ಪರೀಕ್ಷೆ ಮಾಡದೆ ಸೆನ್ಸರಿನ ಮೇಲೆ ದೂರು ಹೇಳುವ ಹಕ್ಕು ಯಾರಿಗೂ ಇಲ್ಲ.

ಬೈಪಾಸ್ ಮಾಡುವುದು ಇಷ್ಟು ಸಲೀಸಾಗಿದ್ದೇಕೆ? ಬಹಳಷ್ಟು ಇಂಜಿನ್ನುಗಳಲ್ಲಿ ಆಯಿಲ್ ಪ್ರೆಶರ್ ಸ್ವಿಚ್ಚಿಗೆ ಒಂದೇ ತಂತಿ. ಒತ್ತಡ ಬಿದ್ದಾಗ ಆ ತಂತಿ ಇಂಜಿನ್ನಿನ ಮೈಗೆ ಅರ್ತ್ ಆಗುತ್ತದೆ, ಕಂಟ್ರೋಲರ್ ಇಂಜಿನ್ ನಿಲ್ಲಿಸುತ್ತದೆ. ತಂತಿಯನ್ನೇ ಕಿತ್ತರೆ ಅರ್ತ್ ಆಗುವ ಪ್ರಶ್ನೆಯೇ ಬರುವುದಿಲ್ಲ, ಕಂಟ್ರೋಲರ್ ಪಾಲಿಗೆ ಸದಾಕಾಲ ಎಲ್ಲವೂ ಸರಿಯಾಗಿರುತ್ತದೆ. ಇಲಿ ಕಡಿದರೂ ಫಲ ಅದೇ, ಕಂಪನಕ್ಕೆ ಲಗ್ಗು ಕಳಚಿದರೂ ಅದೇ. ಇಲ್ಲಿ ತಯಾರಕರ ಮೇಲೂ ನನ್ನ ಸಿಟ್ಟಿದೆ. ತಂತಿ ಹರಿದರೆ ಇಂಜಿನ್ ನಿಲ್ಲಬೇಕು ಅಥವಾ ಅಲಾರ್ಮ್ ಆದರೂ ಕೂಗಬೇಕು. ಅದನ್ನು ಸಾಧಿಸುವ ವೈರಿಂಗ್ ದಶಕಗಳಿಂದ ಗೊತ್ತಿರುವ ವಿದ್ಯೆ. ಡೀಸೆಲ್ ಕಡಿಯುವ ಸೊಲೆನಾಯ್ಡ್ ವಿಚಾರವೂ ಹಾಗೆಯೇ. ಕರೆಂಟು ಕೊಟ್ಟಾಗ ಮಾತ್ರ ಡೀಸೆಲ್ ಬಿಡುವ ಸೊಲೆನಾಯ್ಡ್ ಇದ್ದರೆ, ಬ್ಯಾಟರಿಯೋ ತಂತಿಯೋ ಕೈಕೊಟ್ಟಾಗ ಇಂಜಿನ್ ತಾನಾಗಿ ನಿಲ್ಲುತ್ತದೆ. ಕರೆಂಟು ಕೊಟ್ಟಾಗ ನಿಲ್ಲಿಸುವ ಸೊಲೆನಾಯ್ಡ್ ಇದ್ದರೆ, ನಿಲ್ಲಿಸಲೇಬೇಕಾದ ಗಳಿಗೆಯಲ್ಲಿ ಬ್ಯಾಟರಿ ಇಲ್ಲದೆ ಇಂಜಿನ್ ಓಡುತ್ತಲೇ ಇರುತ್ತದೆ. ಖರೀದಿ ಮಾಡುವ ಸಮಿತಿಗಳು ಕೆವಿಎ ಎಷ್ಟು, ಬೆಲೆ ಎಷ್ಟು ಎಂದಷ್ಟೇ ಕೇಳುತ್ತವೆ. ತಂತಿ ಹರಿದರೆ ಇಂಜಿನ್ ನಿಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಿದವರನ್ನು ನಾನು ಕಂಡಿಲ್ಲ.

ಇನ್ನು ಹಳೇ ಇಂಜಿನ್ನಿನ ವಾದ. ನಮ್ಮ ಹಳ್ಳಿಗಳ ಐದು ಎಚ್‌ಪಿ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿಯ ಒಂಟಿ ಸಿಲಿಂಡರಿನ ಇಂಜಿನ್ನು ಯಾವ ಸೆನ್ಸರೂ ಇಲ್ಲದೆ ದುಡಿದದ್ದು ನಿಜ. ಆದರೆ ಅವುಗಳ ಪಕ್ಕದಲ್ಲಿ ಒಬ್ಬ ಮನುಷ್ಯನಿದ್ದ. ಸದ್ದು ಬದಲಾದರೆ ಅವನ ಕಿವಿ ನಿಮಿರುತ್ತಿತ್ತು, ನೀರಿನ ಪೈಪು ಮುಟ್ಟಿದರೆ ಅವನ ಕೈಗೆ ಬಿಸಿ ಗೊತ್ತಾಗುತ್ತಿತ್ತು, ಹೊಗೆಯ ಬಣ್ಣ ಅವನ ಕಣ್ಣಿಗೆ ಬೀಳುತ್ತಿತ್ತು. ಸೆನ್ಸರ್ ಇರಲಿಲ್ಲ ಎನ್ನುವವರು ಆ ಮನುಷ್ಯನನ್ನು ಲೆಕ್ಕದಿಂದ ಬಿಟ್ಟು ಮಾತಾಡುತ್ತಾರೆ. ಇಂದಿನ ಜನರೇಟರ್ ಇರುವುದು ಸದ್ದು ತಡೆಯುವ ಕೆನೋಪಿಯೊಳಗೆ. 1000 ಕೆವಿಎವರೆಗಿನ ಜನರೇಟರ್‌ಗಳ ಸದ್ದು ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ದಾಟಬಾರದು ಎಂಬ ಕೇಂದ್ರದ ನಿಯಮ ಬಂದು ಎರಡು ದಶಕ ಕಳೆದಿದೆ. ಒಳ್ಳೆಯ ನಿಯಮವೇ, ನೆರೆಮನೆಯವರ ನಿದ್ದೆ ಉಳಿಯಿತು. ಅದೇ ಹೊತ್ತಿಗೆ ಬೇರಿಂಗಿನ ಬಡಿತ ಕೇಳುವ ಕಿವಿಯೂ ಆಚೆಗೆ ಹೋಯಿತು. ಹಲವು ಕಡೆ ಜನರೇಟರ್ ನೋಡಿಕೊಳ್ಳುವುದು ಗೇಟಿನ ಸೆಕ್ಯುರಿಟಿಯವನು, ಅವನಿಗೆ ಕಲಿಸಿರುವುದು ಎರಡು ಬಟನ್ನು. ಇಂಜಿನ್ನಿನ ಪಕ್ಕದ ಮನುಷ್ಯನನ್ನು ತೆಗೆದೆವು, ಸದ್ದನ್ನು ಪೆಟ್ಟಿಗೆಯೊಳಗೆ ಮುಚ್ಚಿದೆವು. ಉಳಿದದ್ದು ಆ ಸ್ವಿಚ್ಚು ಒಂದೇ. ಅದನ್ನೂ ಕಿತ್ತ ಮೇಲೆ ಇಂಜಿನ್ನನ್ನು ಕಾಯಲು ಯಾರಿದ್ದಾರೆ?

ಇಂಜಿನ್ನಿನ ನೀರು ಮಿತಿಮೀರಿ ಕಾದಾಗ ನಿಲ್ಲಿಸುವ ಬಿಸಿಯ ಟ್ರಿಪ್ಪಿನ ವಿಷಯದಲ್ಲಿ ತಂತಿ ಕೀಳುವ ಬದಲು ಇನ್ನೊಂದು ದಾರಿ ಹಿಡಿಯುತ್ತಾರೆ. ಕಂಟ್ರೋಲರಿನಲ್ಲಿ 95 ಡಿಗ್ರಿಗೋ 98ಕ್ಕೋ ಇಟ್ಟಿರುವ ಸೆಟ್ಟಿಂಗನ್ನು 110ಕ್ಕೆ ಏರಿಸಿಬಿಡುವುದು. ಇದಕ್ಕೆ 'ಅಡ್ಜಸ್ಟ್‌ಮೆಂಟ್' ಎಂಬ ಸಭ್ಯ ಹೆಸರಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪಿನ ಸ್ಪ್ರಿಂಗ್ ಗಟ್ಟಿಯಾಗಿದ್ದು, ಒಳಗೆ ಒತ್ತಡ ನಿಂತು, ಕೂಲೆಂಟು ಸರಿಯಾದ ಪ್ರಮಾಣದಲ್ಲಿದ್ದರೆ ಕುದಿಯುವ ಬಿಂದು ಮೇಲೇರುತ್ತದೆ. ಕ್ಯಾಪು ಸಡಿಲ, ಕೂಲೆಂಟಿನ ಬದಲು ಬೋರ್‌ವೆಲ್ ನೀರು, ಇದು ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಸ್ಥಿತಿ. ಅಲ್ಲಿ 110ರ ಟ್ರಿಪ್ ಎಂದರೆ ಟ್ರಿಪ್ಪೇ ಇಲ್ಲವೆಂದು ಅರ್ಥ. ನೀರು ಕುದಿದು ಆವಿಯಾಗಿ ಹೊರಹೋದ ಮೇಲೆ ಸೆನ್ಸರಿನ ತುದಿ ಖಾಲಿ ಜಾಗದಲ್ಲಿ ನಿಲ್ಲುತ್ತದೆ. ನೀರಿನೊಳಗೆ ಮುಳುಗಿದ್ದರೆ ಮಾತ್ರ ಅದು ಸರಿಯಾಗಿ ಅಳೆಯಬಲ್ಲದು. ಸಿಲಿಂಡರ್ ಹೆಡ್ಡು ಸೀಳುತ್ತಿರುವಾಗಲೂ ಮೀಟರು 85 ತೋರಿಸಬಹುದು. ಹಾಗಾಗಿಯೇ ಬಿಸಿಯ ಸೆನ್ಸರಿನ ಜೊತೆಗೆ ಕೂಲೆಂಟಿನ ಮಟ್ಟ ನೋಡುವ ಸ್ವಿಚ್ಚೂ ಬೇಕು. ಇರುವ ಒಂದು ಸಾಲದೆಂಬುದು ಇಲ್ಲಿಯ ಪಾಠ, ನಮ್ಮವರು ಇರುವುದನ್ನೂ ತೆಗೆಯುತ್ತಾರೆ.

ಸುಳ್ಳು ಅಲಾರ್ಮುಗಳು ಇವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಂಪನಕ್ಕೆ ಸಡಿಲವಾದ ಕನೆಕ್ಟರು, ಇಲಿ ಕಚ್ಚಿದ ವೈರು, ಕೆಟ್ಟ ಅರ್ತಿಂಗು, ಕ್ರ್ಯಾಂಕ್ ಮಾಡುವಾಗ ಕುಸಿಯುವ ಬ್ಯಾಟರಿ ವೋಲ್ಟೇಜು, ಇವೆಲ್ಲ ನಿಜವಾದ ತೊಂದರೆಗಳು. ಆದರೆ ಸುಳ್ಳು ಅಲಾರ್ಮು ಕೂಡ ದುರಸ್ತಿ ಮಾಡಬೇಕಾದ ಒಂದು ದೋಷ. ವೈರಿಂಗ್ ಕೆಟ್ಟಿದೆ ಎಂದು ಅದು ಹೇಳುತ್ತಿದೆ. ಅದನ್ನು ಸರಿಪಡಿಸದೆ ರಕ್ಷಣೆಯನ್ನೇ ತೆಗೆದುಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಅಣುವಿದ್ಯುತ್ ಕ್ಷೇತ್ರದಲ್ಲಿ ತುರ್ತು ಡೀಸೆಲ್ ಜನರೇಟರ್ ಸುಳ್ಳು ಸಂಕೇತಕ್ಕೆ ನಿಂತುಬಿಡಬಾರದೆಂದು ಹಿಡಿದ ದಾರಿಗಳಲ್ಲಿ ಒಂದು, ಒಂದೇ ವಿಷಯಕ್ಕೆ ಹಲವು ಪ್ರತ್ಯೇಕ ಮಾಪಕ ಕೂರಿಸಿ, ಕನಿಷ್ಠ ಎರಡು ಒಂದೇ ಮಾತು ಹೇಳಿದರೆ ಮಾತ್ರ ಇಂಜಿನ್ ನಿಲ್ಲುವಂತೆ ಮಾಡುವುದು. ಸುಳ್ಳಿನ ಕಾಟಕ್ಕೆ ಅವರು ಮಾಪಕಗಳನ್ನು ಹೆಚ್ಚಿಸಿದರು.

ಬೈಪಾಸ್ ಪಕ್ಷದವರಲ್ಲಿ ಬಲ್ಲವರು ಇಲ್ಲಿಗೆ ಬಂದಾಗ ತಮ್ಮ ಗಟ್ಟಿ ವಾದವನ್ನು ಮುಂದಿಡುತ್ತಾರೆ. ಜೀವ ಉಳಿಸುವ ಜಾಗದಲ್ಲಿ ಇಂಜಿನ್ ಸತ್ತರೂ ಪರವಾಗಿಲ್ಲ, ಓಡಬೇಕು. ಬೆಂಕಿ ಆರಿಸುವ ಡೀಸೆಲ್ ಪಂಪಿಗೆ ಟ್ರಿಪ್ ಇರುವುದಿಲ್ಲ, ಹಾಗಿದ್ದರೆ ಆಸ್ಪತ್ರೆಯ ಜನರೇಟರಿಗೆ ಏಕೆ ಬೇಕು ಎನ್ನುತ್ತಾರೆ. ಇದಕ್ಕೆ ನಿಧಾನವಾಗಿ ಉತ್ತರ ಹೇಳಬೇಕು, ಏಕೆಂದರೆ ಇದರಲ್ಲಿ ಅರ್ಧ ಸತ್ಯವಿದೆ.

ಅಮೆರಿಕದ ಎನ್‌ಎಫ್‌ಪಿಎ 20 ಮಾನದಂಡದ ಪ್ರಕಾರ, ಬೆಂಕಿಯ ಸಂಕೇತಕ್ಕೆ ತಾನಾಗಿ ಶುರುವಾದ ಡೀಸೆಲ್ ಅಗ್ನಿಶಾಮಕ ಪಂಪು ಆಯಿಲ್ ಒತ್ತಡ ಬಿದ್ದರೂ, ನೀರು ಕಾದರೂ ನಿಲ್ಲುವಂತಿಲ್ಲ. ಕಟ್ಟಡ ಉರಿಯುತ್ತಿರುವಾಗ ಬೇರಿಂಗಿನ ಯೋಚನೆ ಬೇಡ ಎಂಬ ಲೆಕ್ಕ. ನಮ್ಮ ದೇಶದಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣುವಿದ್ಯುತ್ ಸ್ಥಾವರದಲ್ಲಿ ಟರ್ಬೈನಿನ ಬ್ಲೇಡು ಮುರಿದು, ಹೈಡ್ರೋಜನ್ ಸೋರಿ, ಬೆಂಕಿ ಹೊತ್ತಿ, ಕೇಬಲ್ಲುಗಳು ಸುಟ್ಟು ಇಡೀ ಘಟಕ ಕತ್ತಲಾಯಿತು. ಸುಮಾರು 17 ಗಂಟೆ ಕಾಲ ವಿದ್ಯುತ್ ಇರಲಿಲ್ಲ. ಆಗ ಸ್ಟೀಮ್ ಜನರೇಟರುಗಳಿಗೆ ನೀರು ಕೊಟ್ಟು ಬಿಸಿ ಇಳಿಸಿದ್ದು ಡೀಸೆಲ್ ಇಂಜಿನ್ನಿನ ಅಗ್ನಿಶಾಮಕ ಪಂಪುಗಳು. ಅಂಥ ಇಂಜಿನ್ ಒಂದು ಸಡಿಲ ತಂತಿಗೆ ನಿಂತುಬಿಡಬೇಕೆಂದು ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಆದರೆ ಅಗ್ನಿಶಾಮಕ ಪಂಪಿನ ಆ ಮಾನದಂಡದಲ್ಲಿ ತೆಗೆದದ್ದು ಏನು, ಉಳಿಸಿದ್ದು ಏನು? ಇಂಜಿನ್ ನಿಲ್ಲುವುದನ್ನು ತೆಗೆದರು, ಅಲಾರ್ಮನ್ನು ಉಳಿಸಿದರು. ಆಯಿಲ್ ಬಿದ್ದರೆ ಗಂಟೆ ಬಾರಿಸುತ್ತದೆ, ದೀಪ ಹೊತ್ತುತ್ತದೆ, ಮನುಷ್ಯ ಓಡಿ ಬರುತ್ತಾನೆ. ಓವರ್‌ಸ್ಪೀಡ್ ಟ್ರಿಪ್ಪನ್ನು ಅಲ್ಲೂ ಮುಟ್ಟಿಲ್ಲ. ಈ ತೀರ್ಮಾನ ತೆಗೆದುಕೊಂಡವರು ವರ್ಷಗಟ್ಟಲೆ ಚರ್ಚಿಸಿ, ಬರೆದು, ಸಹಿ ಹಾಕಿ, ಎಲ್ಲರಿಗೂ ಕಾಣುವಂತೆ ಇಟ್ಟರು. ಅದಕ್ಕೆ ಬದಲಾಗಿ ಆ ಇಂಜಿನ್ನಿಗೆ ಪ್ರತಿವಾರದ ಓಟ, ತಪಾಸಣೆ, ದಾಖಲೆಗಳನ್ನು ಕಡ್ಡಾಯ ಮಾಡಿದರು. ನಮ್ಮ ಬೇಸ್‌ಮೆಂಟಿನಲ್ಲಿ ಕಿತ್ತ ತಂತಿ ಟ್ರಿಪ್ಪನ್ನೂ ತೆಗೆಯುತ್ತದೆ, ಅಲಾರ್ಮನ್ನೂ ತೆಗೆಯುತ್ತದೆ. ಯಾರು ಕಿತ್ತರು, ಯಾವಾಗ, ಏಕೆ ಎಂಬುದಕ್ಕೆ ಒಂದು ಸಾಲಿನ ಬರಹವೂ ಇರುವುದಿಲ್ಲ. ಒಂದು ಎಂಜಿನಿಯರಿಂಗ್ ನಿರ್ಧಾರದ ಹೆಸರು ಹೇಳಿ ಇನ್ನೊಂದು ಸೋಮಾರಿತನಕ್ಕೆ ರಕ್ಷಣೆ ಕೊಡಬಾರದು. ರೈಲ್ವೆಯ ಹಳೇ ಆಲ್ಕೋ ಡೀಸೆಲ್ ಲೋಕೊಗಳಲ್ಲೂ ಈ ವಿವೇಕವಿತ್ತು. ಇಂಜಿನ್ ಕಾದರೆ ಗಂಟೆ ಬಾರಿಸಿ ಡ್ರೈವರನ ತೀರ್ಮಾನಕ್ಕೆ ಬಿಡುತ್ತಿದ್ದರು, ಆಯಿಲ್ ಒತ್ತಡ ಬಿದ್ದರೆ ಅವನನ್ನು ಕೇಳದೆ ನಿಲ್ಲಿಸುತ್ತಿದ್ದರು. ಯಾವುದಕ್ಕೆ ಮನುಷ್ಯನಿಗೆ ಸಮಯವಿದೆ, ಯಾವುದಕ್ಕೆ ಇಲ್ಲ ಎಂದು ಯಾರೋ ಕೂತು ಯೋಚಿಸಿದ್ದರ ಫಲ ಅದು.

ಓವರ್‌ಸ್ಪೀಡನ್ನು ಎಲ್ಲೂ ಬಿಟ್ಟುಕೊಡದಿರುವುದೇಕೆ ಎಂಬುದನ್ನೂ ಹೇಳಬೇಕು. ತಿರುಗುವ ವಸ್ತುವಿನ ಮೇಲಿನ ಸೆಳೆತ ವೇಗದ ವರ್ಗದಷ್ಟು ಏರುತ್ತದೆ. ವೇಗ ಶೇ 20 ಹೆಚ್ಚಿದರೆ ಸೆಳೆತ ಶೇ 44 ಹೆಚ್ಚು. ಇಂಧನದ ರ‍್ಯಾಕ್ ಸಿಕ್ಕಿಕೊಂಡು ಗವರ್ನರ್ ಕೈಬಿಟ್ಟ ಇಂಜಿನ್ ಇಷ್ಟಕ್ಕೆ ನಿಲ್ಲುವುದೂ ಇಲ್ಲ. ಆಲ್ಟರ್ನೇಟರಿನ ವೈಂಡಿಂಗು ಕಿತ್ತು ಹಾರುತ್ತದೆ, ಫ್ಲೈವೀಲ್ ಸಿಡಿಯುತ್ತದೆ. ಅದರ ಚೂರುಗಳಿಗೆ ಗೋಡೆ ಅಡ್ಡವಲ್ಲ. ಗಾಳಿಯ ಜೊತೆ ಉರಿಯುವ ಅನಿಲವೋ ಟರ್ಬೊದಿಂದ ಸೋರಿದ ಆಯಿಲೋ ಒಳಗೆ ಎಳೆದುಕೊಂಡ ಇಂಜಿನ್ ಡೀಸೆಲ್ ಕಡಿದರೂ ನಿಲ್ಲುವುದಿಲ್ಲ, ಅದನ್ನು ನಿಲ್ಲಿಸಲು ಗಾಳಿಯ ದಾರಿಯನ್ನೇ ಮುಚ್ಚಬೇಕು. ಮೆಕ್ಸಿಕೊ ಕೊಲ್ಲಿಯಲ್ಲಿ 2010ರ ಏಪ್ರಿಲ್ 20ರ ರಾತ್ರಿ ಡೀಪ್‌ವಾಟರ್ ಹೊರೈಜನ್ ರಿಗ್ಗಿನಲ್ಲಿ ಬಾವಿಯಿಂದ ಉಕ್ಕಿದ ಅನಿಲ ಡೀಸೆಲ್ ಇಂಜಿನ್ನುಗಳೊಳಗೆ ಹೋಗಿ, ಅವು ಹುಚ್ಚು ವೇಗದಲ್ಲಿ ತಿರುಗಿ, ದೀಪಗಳು ಪ್ರಖರವಾಗಿ, ಸ್ಫೋಟವಾಯಿತು. 11 ಜನ ಸತ್ತರು. ರಿಗ್ಗಿನ ಸಾಮಾನ್ಯ ಅಲಾರ್ಮು ತಾನಾಗಿ ಕೂಗದಂತೆ ಅದುಮಿಡಲಾಗಿತ್ತು ಎಂದು ಅಲ್ಲಿಯ ಎಲೆಕ್ಟ್ರಾನಿಕ್ಸ್ ಮುಖ್ಯಸ್ಥ ಆ ವರ್ಷದ ಜುಲೈನಲ್ಲಿ ವಿಚಾರಣೆಯ ಮುಂದೆ ಸಾಕ್ಷಿ ನುಡಿದ. ಸುಳ್ಳು ಅಲಾರ್ಮು ಬೆಳಗಿನ ಜಾವ ಜನರನ್ನು ಎಬ್ಬಿಸಬಾರದೆಂಬುದು ಅದಕ್ಕೆ ಕೊಟ್ಟಿದ್ದ ಕಾರಣ. ನಮ್ಮ ಬೇಸ್‌ಮೆಂಟಿನ ಟೆಕ್ನಿಶಿಯನ್ ಕೊಡುವ ಕಾರಣವೂ ಅಕ್ಷರಶಃ ಅದೇ.

ಇಂಜಿನ್ ಟ್ರಿಪ್ ಆದದ್ದು ಕೆಲವೊಮ್ಮೆ ಹತ್ತಿರ ಬರಬೇಡ ಎಂಬ ಎಚ್ಚರಿಕೆ. ಬೇರಿಂಗು ಕೆಂಪಗೆ ಕಾದರೆ ಕ್ರ್ಯಾಂಕ್‌ಕೇಸಿನೊಳಗೆ ಆಯಿಲ್ ಆವಿಯಾಗಿ, ಮಂಜಿನಂತೆ ಹರಡಿ, ಅದೇ ಬಿಸಿಗೆ ಹೊತ್ತಿಕೊಳ್ಳುತ್ತದೆ. 1947ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ರೀನಾ ದೆಲ್ ಪೆಸಿಫಿಕೊ ಹಡಗಿನ ಪರೀಕ್ಷಾ ಯಾನದಲ್ಲಿ ಹೀಗೆ ಕ್ರ್ಯಾಂಕ್‌ಕೇಸ್ ಸಿಡಿದು 28 ಜನ ಇಂಜಿನ್ ಕೋಣೆಯಲ್ಲಿ ಪ್ರಾಣ ಬಿಟ್ಟರು. ದೊಡ್ಡ ಇಂಜಿನ್ನುಗಳಿಗೆ ಸ್ಫೋಟದ ಒತ್ತಡ ಹೊರಬಿಡುವ ಬಾಗಿಲು, ಆಯಿಲ್ ಮಂಜು ಪತ್ತೆಹಚ್ಚುವ ಉಪಕರಣಗಳು ಬರಲು ಅಂಥ ಸಾವುಗಳೇ ಕಾರಣ. ಹುಬ್ಬಳ್ಳಿಯ ಡೀಸೆಲ್ ಶೆಡ್ ಸಾಕಿದ 4000 ಅಶ್ವಶಕ್ತಿಯ ಇಎಂಡಿ ಕಂಪನಿಯ ವಿನ್ಯಾಸದ ಲೋಕೊಗಳಲ್ಲಿ ಕ್ರ್ಯಾಂಕ್‌ಕೇಸ್ ಒತ್ತಡ ಕಂಡುಹಿಡಿಯುವ ಸಾಧನವಿದೆ. ಅದು ಟ್ರಿಪ್ ಆದರೆ ಇಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಬಾರದು, ಕನಿಷ್ಠ ಎರಡು ಗಂಟೆ ತಣಿಯುವವರೆಗೆ ಯಾವ ಮುಚ್ಚಳವನ್ನೂ ತೆರೆಯಬಾರದು ಎಂಬುದು ತಯಾರಕರ ಕಟ್ಟಪ್ಪಣೆ. ಬಿಸಿಯಿರುವಾಗ ತೆರೆದರೆ ಒಳನುಗ್ಗುವ ಗಾಳಿಯೇ ಎರಡನೇ ಸ್ಫೋಟಕ್ಕೆ ಸಾಕು. 'ರೀಸೆಟ್ ಒತ್ತಿ ಇನ್ನೊಂದ್ಸಲ ನೋಡೋಣ' ಎನ್ನುವವರು ಈ ಅಪ್ಪಣೆಯನ್ನು ಓದಬೇಕು.

ತಾನಾಗಿ ನಿಲ್ಲುವ ಇಂಜಿನ್ ಜೀವಕ್ಕೆ ಅಪಾಯ ಎಂದು ವಾದಿಸುವವರಿಗೆ ವೈಕಿಂಗ್ ಸ್ಕೈ ಹಡಗಿನ ಕತೆ ಒಳ್ಳೆಯ ಸಾಕ್ಷಿಯಂತೆ ಕಾಣುತ್ತದೆ. 2019ರ ಮಾರ್ಚ್ 23ರಂದು ನಾರ್ವೆಯ ಹುಸ್ತಾದ್‌ವಿಕಾ ಎಂಬ ಬಂಡೆಗಳ ಕಡಲಲ್ಲಿ, ಬಿರುಗಾಳಿಯ ನಡುವೆ, 1300ಕ್ಕೂ ಹೆಚ್ಚು ಜನರಿದ್ದ ಆ ಪ್ರವಾಸಿ ಹಡಗಿನ ಡೀಸೆಲ್ ಜನರೇಟರುಗಳು ಒಂದರ ಹಿಂದೊಂದು ತಾವಾಗಿ ನಿಂತವು. ಹಡಗು ದಡದ ಬಂಡೆಗಳತ್ತ ತೇಲಿತು, ನೂರಾರು ಪ್ರಯಾಣಿಕರನ್ನು ಹೆಲಿಕಾಪ್ಟರುಗಳಿಂದ ಎತ್ತಬೇಕಾಯಿತು. ಆಯಿಲ್ ಒತ್ತಡದ ಟ್ರಿಪ್ ಇರದಿದ್ದರೆ ಇಂಜಿನ್ನುಗಳು ಓಡುತ್ತಿದ್ದವು, ಹಡಗು ಪಾರಾಗುತ್ತಿತ್ತು ಎಂದು ಎಷ್ಟೋ ಜನ ಹೇಳಿದರು.

ನಾರ್ವೆಯ ತನಿಖೆಯಲ್ಲಿ ಹೊರಬಂದ ಸಂಗತಿಗಳು ಬೇರೆ. ಇಂಜಿನ್ನುಗಳ ಆಯಿಲ್ ಟ್ಯಾಂಕಿನಲ್ಲಿ ಇರಬೇಕಾದ ಮಟ್ಟ ಶೇ 68ರಿಂದ 75. ಇದ್ದದ್ದು ಶೇ 28ರಿಂದ 40. ಹಡಗು ಹೊಯ್ದಾಡಿದಾಗ ಪಂಪಿನ ಬಾಯಿಗೆ ಆಯಿಲ್ ಸಿಗದೆ ಗಾಳಿ ಸಿಕ್ಕಿತು. ಆ ದಿನ ಬೆಳಗ್ಗೆ 5ರಿಂದ 9 ಗಂಟೆಯ ನಡುವೆ ಆಯಿಲ್ ಕಡಿಮೆಯಾಗಿದೆ ಎಂದು 18 ಅಲಾರ್ಮುಗಳು ಬಂದಿದ್ದವು. ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳಲ್ಲಿ ಬಟನ್ ಒತ್ತಿ ಸುಮ್ಮನಾಗಿಸಲಾಗಿತ್ತು. ಮಧ್ಯಾಹ್ನ ಎರಡಕ್ಕೆ ಹಡಗು ಕತ್ತಲಾಯಿತು. ಐದರಿಂದ ಒಂಬತ್ತು ಗಂಟೆ ಮುಂಚೆಯೇ ಇಂಜಿನ್ನುಗಳು 18 ಬಾರಿ ಕೂಗಿ ಹೇಳಿದ್ದವು. ಇನ್ನೊಂದು ಮಾತು. ಟ್ರಿಪ್ ಇಲ್ಲದೆ, ಗಾಳಿ ಕುಡಿಯುತ್ತ ಓಡಿದ್ದರೆ ಆ ಇಂಜಿನ್ನುಗಳ ಬೇರಿಂಗು ಸುಟ್ಟು ಅಲ್ಲೇ ಸೀಜ್ ಆಗುವ ಅಪಾಯವಿತ್ತು. ಸಮಯಕ್ಕೆ ಸರಿಯಾಗಿ ನಿಂತದ್ದರಿಂದ ಅವು ಉಳಿದುಕೊಂಡವು. ಸಿಬ್ಬಂದಿ ಆಯಿಲ್ ತುಂಬಿ ಅವನ್ನು ಮತ್ತೆ ಸ್ಟಾರ್ಟ್ ಮಾಡಲು ಸಾಧ್ಯವಾಯಿತು. ಹಡಗು ಮರುದಿನ ಮೋಲ್ಡೆ ಬಂದರು ಸೇರಿತು, ಒಂದು ಜೀವವೂ ಹೋಗಲಿಲ್ಲ.

ಆಸ್ಪತ್ರೆಯ ಜನರೇಟರಿಗೂ ಇದೇ ಲೆಕ್ಕ. ಟ್ರಿಪ್ ಆದ ಇಂಜಿನ್ನಿಗೆ ಬೆಲ್ಟು ಬದಲಿಸಿ, ಕೂಲೆಂಟು ತುಂಬಿ, ಗಂಟೆಯೊಳಗೆ ಮತ್ತೆ ಓಡಿಸಬಹುದು. ಸೀಜ್ ಆದ ಇಂಜಿನ್ನಿಗೆ ಕ್ರ್ಯಾಂಕ್ ಬರುವವರೆಗೆ ವಾರಗಟ್ಟಲೆ ಕಾಯಬೇಕು. ಐಸಿಯು ಉಳಿಸಬೇಕೆಂದಿದ್ದರೆ ಎರಡನೇ ಜನರೇಟರ್ ಇಡಿ, ಬ್ಯಾಟರಿ ಬೆಂಬಲ ಇಡಿ. ಅಲಾರ್ಮು ಬಂದೊಡನೆ ಎಸಿ, ಲಿಫ್ಟುಗಳ ಲೋಡನ್ನು ಕಳಚಿ ಇಂಜಿನ್ನಿನ ಹೊರೆ ಇಳಿಸುವ ವ್ಯವಸ್ಥೆ ಮಾಡಿ. ಇವು ದುಡ್ಡು ಕೇಳುತ್ತವೆ. ತಂತಿ ಕೀಳಲು ದುಡ್ಡು ಬೇಡ. ಈ ಚರ್ಚೆಯ ಬೇರು ಇರುವುದು ಅಲ್ಲಿ.

ತಂತಿ ಕಿತ್ತ ಹುಡುಗನನ್ನು ಹಿಡಿದು ಬಯ್ಯುವುದು ನನ್ನ ಉದ್ದೇಶವಲ್ಲ. ಅವನು ಗುತ್ತಿಗೆಯ ಮೇಲೆ ಬಂದವನು. ಜನರೇಟರ್ ನಿಂತರೆ ಅವನಿಗೆ ಹತ್ತು ಫೋನು ಬರುತ್ತವೆ, ಬೈಪಾಸ್ ಮಾಡಿದರೆ ಒಂದೂ ಬರುವುದಿಲ್ಲ. ವಾರ್ಷಿಕ ನಿರ್ವಹಣೆಯ (ಎಎಂಸಿ) ಕರಾರಿನಲ್ಲಿ ಎಷ್ಟು ಹೊತ್ತಿಗೆ ಬಂದು ಓಡಿಸಬೇಕು ಎಂದು ಬರೆದಿರುತ್ತದೆ, ಯಾವ ರಕ್ಷಣೆಯನ್ನು ಮುಟ್ಟಬಾರದು ಎಂದು ಬರೆದಿರುವುದಿಲ್ಲ. ಕಾರ್ಖಾನೆಗಳನ್ನು ದಶಕಗಳ ಕಾಲ ಆಳಿದ 1948ರ ಕಾಯ್ದೆಯ 111ನೇ ಕಲಮು ಸುರಕ್ಷತೆಯ ಸಾಧನದ ಮೇಲೆ ಬೇಕೆಂದೇ ಕೈ ಹಾಕುವ ಕಾರ್ಮಿಕನಿಗೆ ಶಿಕ್ಷೆ ಹೇಳಿತು. ಅದೇ ಕಾಯ್ದೆಗೆ 1987ರಲ್ಲಿ ಸೇರಿಸಿದ 7ಎ ಕಲಮು ಯಂತ್ರವನ್ನು ಸುರಕ್ಷಿತವಾಗಿ ಇಡುವ ಹೊಣೆಯನ್ನು ಕಾರ್ಖಾನೆ ನಡೆಸುವವನ ಮೇಲೆ ಹೊರಿಸಿತು. ನಮಗೆ ಮೊದಲನೆಯದು ನೆನಪಿರುತ್ತದೆ, ಎರಡನೆಯದನ್ನು ಮರೆಯುತ್ತೇವೆ. 'ಹೇಗಾದ್ರೂ ಮಾಡಿ ಓಡ್ಸಪ್ಪ' ಎಂದು ಫೋನಿನಲ್ಲಿ ಹೇಳಿದವನೇ ತಂತಿ ಕಿತ್ತವನು.

ನಿಮ್ಮ ಕಟ್ಟಡದಲ್ಲಿ, ನಿಮ್ಮ ಗಿರಣಿಯಲ್ಲಿ, ನೀವು ಟ್ರಸ್ಟಿಯಾಗಿರುವ ಆಸ್ಪತ್ರೆಯಲ್ಲಿ ಡೀಸೆಲ್ ಜನರೇಟರ್ ಇದ್ದರೆ ಇದೇ ವಾರ ಇಷ್ಟು ಮಾಡಿ. ಇಂಜಿನ್ ಓಡುತ್ತಿರುವಾಗ ಆಯಿಲ್ ಪ್ರೆಶರ್ ಸ್ವಿಚ್ಚಿನ ಸಂಕೇತವನ್ನು ಕೊಟ್ಟು ಅದು ನಿಲ್ಲುತ್ತದೆಯೇ ಎಂದು ಟೆಕ್ನಿಶಿಯನ್ ಕೈಯಲ್ಲಿ ನಿಮ್ಮ ಎದುರಿಗೇ ಪರೀಕ್ಷೆ ಮಾಡಿಸಿ. ಬಿಸಿಯ ಸೆಟ್ಟಿಂಗು ತಯಾರಕರು ಹೇಳಿದ ಅಂಕಿಯಲ್ಲೇ ಇದೆಯೇ ಎಂದು ಕೈಪಿಡಿ ತೆರೆದು ಹೋಲಿಸಿ. ಯಾವುದೇ ರಕ್ಷಣೆಯನ್ನು ತಾತ್ಕಾಲಿಕವಾಗಿ ತೆಗೆಯಬೇಕಾಗಿ ಬಂದರೆ ತೆಗೆದವರ ಹೆಸರು, ಅನುಮತಿ ಕೊಟ್ಟವರ ಸಹಿ, ಮತ್ತೆ ಕೂರಿಸುವ ದಿನಾಂಕ ಮೂರೂ ಲಾಗ್ ಬುಕ್ಕಿನಲ್ಲಿ ಇರಲಿ, ಅಲ್ಲಿಯವರೆಗೆ ಇಂಜಿನ್ನಿನ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲಲಿ. ಆ ಸಹಿಯನ್ನು ಟೆಕ್ನಿಶಿಯನ್ ಕೈಯಲ್ಲಿ ಹಾಕಿಸಬೇಡಿ. ನೀವೇ ಹಾಕಿ.